ಬಿಡ್ತು ಅನ್ನುವ ಅಗ್ನಿದಳ

ಭದ್ರಾವತಿಯಲ್ಲಿ, ನಮ್ಮ ಜನ್ನಾಪುರದ ಬೀದಿಗೆ ಸ್ವಂತದ್ದೊಂದು ಅಗ್ನಿದಳವಿದೆ. ಎಲ್ಲರೂ ಸ್ವಯಂಸೇವಕರು. ದಳದ ಆಸ್ತಿ ಒಂದು ಏಣಿ, ನಾಲ್ಕು ಬಕೆಟ್ ಮರಳು, ಮತ್ತೆ ಶಿವಮೊಗ್ಗದ ವಿನೋಬನಗರದಲ್ಲಿ ಅಚ್ಚು ಹಾಕಿಸಿದ ಕೆಂಪು ಟೀ ಶರ್ಟುಗಳು. ಅಗ್ನಿಶಾಮಕ ವಾಹನ ಬರುವ ತನಕ ಮನೆಯೊಳಗಿನ ಜನರನ್ನು ಹೊರಗೆ ತರುವುದು ನಮ್ಮ ಕೆಲಸ. ಅದಕ್ಕಿನ್ನೂ ತರಬೇತಿ ಆಗಿರಲಿಲ್ಲ. ಟೀ ಶರ್ಟಿನ ಅಳತೆಗೆ ಮಾತ್ರ ಸಭೆಯ ಮೇಲೆ ಸಭೆ ನಡೆದಿತ್ತು.

ನಾನು ದಳಕ್ಕೆ ಸೇರಿದ್ದು ಸಮಾಜಸೇವೆಯ ಹುಚ್ಚಿನಿಂದಲ್ಲ. ಲಕ್ವ ಹೊಡೆದ ಮೇಲೆ ನನ್ನ ಅಮ್ಮನಿಗೆ ನಡೆಯಲಾಗುವುದಿಲ್ಲ. ನಾವಿಬ್ಬರೂ ಇದ್ದದ್ದು ಮಹಡಿಯ ಮೇಲೆ. ಕೆಳಗಿನ ಮನೆಯನ್ನು ಹಾಸಿಗೆ ಅಂಗಡಿಯವನೊಬ್ಬನಿಗೆ ಗೋದಾಮಿಗೆಂದು ಬಾಡಿಗೆಗೆ ಕೊಟ್ಟಿದ್ದೆವು. ಕೆಳಗೆ ಹತ್ತಿ, ಮೇಲೆ ಅಮ್ಮ. ಪಕ್ಕದ ಮನೆಯಲ್ಲಿ ಒಗ್ಗರಣೆ ಸೀದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಬೆಂಕಿ ಬಿದ್ದರೆ ಇವಳನ್ನು ಹೇಗೆ ಇಳಿಸುವುದು? ಈ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು ನನಗೆ, ಅಷ್ಟೆ.

ದಳದ ಅಧ್ಯಕ್ಷರು ಕಾರ್ಖಾನೆಯಿಂದ ನಿವೃತ್ತರಾದವರು. "ಯಾವ್ಯಾವ ಅನಾಹುತ ಆಗ್ಬಹುದು ಅಂತ ಮೊದಲೇ ಊಹಿಸಿ ಪ್ಲಾನ್ ಮಾಡೋಣ" ಅಂದರು. ಒಳ್ಳೆಯ ಮಾತೇ. ಆದರೆ ಶಿವಮೊಗ್ಗಕ್ಕೆ ವಿಮಾನ ಬರತೊಡಗಿತ್ತಲ್ಲ, ಮೊದಲನೆಯ ಊಹೆಯೇ ವಿಮಾನದ್ದು: ಅದು ನಮ್ಮ ಬಸ್‌ಸ್ಟಾಪಿನ ಮೇಲೆ ಬಿದ್ದರೆ? ಒಂದೇ ಏಣಿ ಇರುವ ದಳ ಇದನ್ನು ಟೀ ಆರುವ ತನಕ ಚರ್ಚಿಸಿತು. ಎರಡನೆಯದು, ಭದ್ರಾ ಹೊಳೆ ಊರೊಳಗೆ ನುಗ್ಗಿದರೆ? ಅಗ್ನಿದಳಕ್ಕೆ ನೀರಿನ ಚಿಂತೆ! ನನಗೆ ರೇಗಿಹೋಯಿತು. ಎದ್ದು ನಿಂತು, "ಅದೆಲ್ಲ ಇರ್ಲಿ ಸಾರ್, ನಮ್ಮನೆಗೇ ಬೆಂಕಿ ಬಿತ್ತು ಅಂತ ಇಟ್ಕೊಳ್ಳಿ" ಅಂದೆ.

"ಬಿಡ್ತು ಅನ್ನಿ ಮೇಡಂ, ಬಿಡ್ತು ಅನ್ನಿ!" ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ದರು.

ನಮ್ಮ ಹಾಸಿಗೆಯವನೂ ದಳದ ಸದಸ್ಯನೇ. ಅವನು ಗಲ್ಲ ಗಲ್ಲ ಬಡಿದುಕೊಂಡ. "ಎಂಥ ಮಾತು ಆಡ್ತೀರ ಅಕ್ಕ, ದೀಪ ಹಚ್ಚೋ ಹೊತ್ತಲ್ಲಿ! ಅಸ್ತು ದೇವತೆಗಳು ಓಡಾಡ್ತಿರ್ತವೆ."

ನನ್ನ ಬಾಯಲ್ಲಿ ಬಿಡ್ತು ಅನ್ನಿಸಿದ ಮೇಲೆಯೇ ಸಭೆ ಮುಂದುವರಿದದ್ದು. ಸರಿ, ಬೇರೆ ಯಾರ ಮನೆ ಕೊಡುತ್ತೀರಿ ಎಂದು ಕೇಳಿದೆ. ಒಬ್ಬರ ಮಗಳಿಗೆ ಮದುವೆ ಗೊತ್ತಾಗಿತ್ತು, ಇನ್ನೊಬ್ಬರದು ಆಗಷ್ಟೇ ಗೃಹಪ್ರವೇಶವಾದ ಮನೆ. "ನಮ್ಮಲ್ಲಿ ಬೆಂಕಿ ಬೀಳಲ್ಲ, ವಾಸ್ತು ನೋಡಿ ಕಟ್ಸಿದ್ದು" ಅಂದರು ಅಧ್ಯಕ್ಷರು. ಬಾಯಿಮಾತಿಗೂ ಯಾರೂ ಮನೆ ಕೊಡಲಿಲ್ಲ. ಕೊನೆಗೆ ಬೆಂಕಿಗೆ ಮಂಜೂರಾದದ್ದು ಮೂಲೆಯ ಖಾಲಿ ಸೈಟು. ಅಲ್ಲಿ ಬಾಗಿಲಿಲ್ಲ, ಮೆಟ್ಟಿಲಿಲ್ಲ, ಮನುಷ್ಯರೂ ಇಲ್ಲ. ಯೋಜನೆ ಅಚ್ಚುಕಟ್ಟಾಗಿ ಕೂತಿತು.

ಮಾಕ್ ಡ್ರಿಲ್ಲಿಗೆ ಸರ್ಕಾರಿ ಕನ್ನಡದಲ್ಲಿ ಅಣಕು ಕಾರ್ಯಾಚರಣೆ ಎನ್ನುತ್ತಾರೆ. ಅಷ್ಟು ಪ್ರಾಮಾಣಿಕವಾದ ಸರ್ಕಾರಿ ಪದವನ್ನು ನಾನು ಇನ್ನೊಂದು ಕಂಡಿಲ್ಲ. ನಮ್ಮವರು ಹಳೆಯ ಟೈರಿಗೆ ಬೆಂಕಿ ಹಚ್ಚಿದರು, ಮರಳೆರಚಿ ಆರಿಸಿದರು. ಗಾಯಗೊಂಡವರ ಹಾಗೆ ಮಲಗುವುದೂ ಅಪಶಕುನವಂತೆ. ಹಾಗಾಗಿ ಒಂದು ಹಾಸಿಗೆಯನ್ನು ಸುತ್ತಿ ಮಲಗಿಸಿ, ಅದನ್ನೇ ಹೊತ್ತು ಓಡಿದರು. ಹಾಸಿಗೆ ಪ್ರಾಣಾಪಾಯದಿಂದ ಪಾರಾಯಿತು. ಆಮೇಲೆ ಫೋಟೊ, ಖಾರ ಮಂಡಕ್ಕಿ.

ಮನೆಗೆ ಬಂದು ಅಮ್ಮನ ಮುಂದೆ ಎಲ್ಲರನ್ನೂ ಬಾಯಿಗೆ ಬಂದ ಹಾಗೆ ಬೈದೆ. ಅಮ್ಮ ನಕ್ಕಳು. "ಸುಮ್ನಿರು ಮಾರಾಯ್ತಿ. ನೀನು ಹೇಳಿದ್ರೆ ತಾನೇ ಅಪಶಕುನ? ನಾನು ಹೇಳ್ತೀನಿ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ನನಗ್ಯಾವ ಬಿಡ್ತು? ಕರಿ ಅವರನ್ನ."

ಭಾನುವಾರ ಕೆಂಪು ಟೀ ಶರ್ಟುಗಳು ಮಹಡಿ ಹತ್ತಿ ಬಂದವು. "ಬೆಂಕಿ ಬಿದ್ದಿದೆ ಕಣ್ರಪ್ಪ, ಇಳಿಸಿ ನನ್ನ" ಅಂದಳು ಅಮ್ಮ. ಅವಳ ವಯಸ್ಸಿಗೆ ಮರ್ಯಾದೆ ಕೊಟ್ಟು ಯಾರೂ ಬಿಡ್ತು ಅನ್ನಿಸಲು ಹೋಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಮುಂದೆ ಹಾಸಿಗೆಯವನು, ಹಿಂದೆ ಅಧ್ಯಕ್ಷರು. ಮೆಟ್ಟಿಲು ತಿರುಗುವ ಕಡೆ ಕುರ್ಚಿ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಕುರ್ಚಿ ಒಂದು ಕಡೆಗೆ ವಾಲಿತು. ಅಮ್ಮ ಆಡುವ ಒಂದೇ ಕೈಯಿಂದ ಕಂಬಿ ಹಿಡಿದಳು. ಅವಳ ಬೆರಳುಗಳು ಬಿಳಿಚಿಕೊಂಡಿದ್ದು ನನಗೆ ಮೇಲಿನಿಂದ ಕಾಣುತ್ತಿತ್ತು.

ಅಧ್ಯಕ್ಷರು ಏದುಸಿರು ಬಿಡುತ್ತ, "ಸದ್ಯ, ನಿಜವಾದ ಬೆಂಕಿ ಅಲ್ವಲ್ಲ ಅಮ್ಮ" ಅಂದರು.

"ನಿಜವಾದ್ದು ಬಂದಾಗ ಅದಕ್ಕೇ ಹೇಳಪ್ಪ, ಬಿಡ್ತು ಅನ್ನು ಅಂತ."

ಕಡೆಗೆ ಕುರ್ಚಿಯನ್ನು ಅಲ್ಲೇ ಬಿಟ್ಟು, ಅಮ್ಮನನ್ನು ಜಮಖಾನದಲ್ಲಿ ಎತ್ತಿಕೊಂಡು ಕೆಳಗೆ ತಂದು, ಗೋದಾಮಿನ ಬಾಗಿಲಲ್ಲಿ ಹತ್ತಿ ಮೂಟೆಗೆ ಒರಗಿಸಿ ಕೂರಿಸಿದರು. ಅಷ್ಟಕ್ಕೆ ನಾಲ್ಕು ಜನ ಬೇಕಾದರು. ನಿಜವಾಗಿ ಬೆಂಕಿ ಬಿದ್ದಾಗ ಮೇಲೆ ಅಮ್ಮನ ಜೊತೆ ಇರುವವಳು ನಾನೊಬ್ಬಳು.

ಹಾಸಿಗೆಯವನು ಬೆವರು ಒರೆಸಿಕೊಂಡ. "ಸ್ವಲ್ಪ ಸುಧಾರಿಸ್ಕೊಳ್ಳಿ ಅಮ್ಮ, ಆಮೇಲೆ ಮೇಲೆ ಹತ್ತಿಸ್ತೀವಿ."

ಅಮ್ಮ ಗೋದಾಮನ್ನು ಒಮ್ಮೆ ಈ ಮೂಲೆಯಿಂದ ಆ ಮೂಲೆಗೆ ನೋಡಿದಳು.

"ನಾನಿನ್ನು ಹತ್ತಲ್ಲ ಕಣಪ್ಪ. ಬೇಕಾದ್ರೆ ನಿನ್ನ ಹತ್ತೀನ ಹತ್ತಿಸ್ಕೋ."