ಊಟದ ಮೇಜಿನ ಮೇಲೆ ಕಳಶ

ನನ್ನ ತಂಗಿಯ ಮದುವೆ ನಡೆದದ್ದು ಯುಗಾದಿ ಕಳೆದ ಮೇಲೆ, ಚೈತ್ರದಲ್ಲಿ. ನೈರೋಬಿಯಲ್ಲಿ ಅದು ದೊಡ್ಡ ಮಳೆ ಶುರುವಾಗುವ ಕಾಲ. ಆದರೂ ಅವಳಿಗೆ ವಸಂತದ ಮದುವೆಯೇ ಬೇಕಿತ್ತು. ಊಟದ ಮೇಜುಗಳ ನಡುವೆ ಇಡುವ ಅಲಂಕಾರವನ್ನು ಯಾರಿಗೂ ವಹಿಸುವುದಿಲ್ಲ, ನಾನೇ ಮಾಡುತ್ತೇನೆ ಎಂದು ಹಟ ಹಿಡಿದಳು. ಅವಳು ನಾನೇ ಎಂದರೆ ನಾವಿಬ್ಬರೂ ಎಂದರ್ಥ. ಕತ್ತರಿ, ದಾರ, ಅಂಟಿನ ಕೆಲಸಕ್ಕೆ ಅವಳಿಗೆ ಅಕ್ಕ ಬೇಕು.

ಅಮ್ಮ ಹೋದಾಗ ಅವಳಿನ್ನೂ ಹಾಲು ಬಿಡದ ಕೂಸು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಅವಳನ್ನು ಎತ್ತಿಕೊಂಡೆ. ಅಪ್ಪನೂ ಹೋದ ಮೇಲೆ, ನನ್ನ ಗಂಡನಿಗೆ ಇಲ್ಲಿಯ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ, ಅವಳನ್ನೂ ಜೊತೆಗೆ ಕರೆತಂದೆವು. ಇಲ್ಲೇ ಓದಿದಳು, ವೆಸ್ಟ್‌ಲ್ಯಾಂಡ್ಸಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು, ಬೆಂಗಳೂರಿನಿಂದ ಕಂಪನಿ ಕಳಿಸಿದ ಹುಡುಗನನ್ನು ಮೆಚ್ಚಿದಳು. ನಮಗೆ ಮಕ್ಕಳಿಲ್ಲ. ತಂದೆತಾಯಿಯ ಜಾಗದಲ್ಲಿ ನಿಂತು ಅವಳನ್ನು ಧಾರೆ ಎರೆದು ಕೊಡುವವರು ನಾನು ಮತ್ತು ನನ್ನ ಗಂಡ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವರು ಅದಕ್ಕೆಂದು ಊರಿನಿಂದ ರೇಷ್ಮೆ ಪಂಚೆಯನ್ನೂ ತರಿಸಿಟ್ಟುಕೊಂಡಿದ್ದರು.

ಒಂದು ಭಾನುವಾರ ಪಾತ್ರೆ ಅಂಗಡಿಯಿಂದ ತಂದ ಸಣ್ಣ ಹಿತ್ತಾಳೆ ಚೊಂಬುಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆವು. ತಂಗಿ ತಲೆ ಎತ್ತದೆ ಹೇಳಿದಳು.

"ಅಕ್ಕಾ, ಧಾರೆ ಚಿಕ್ಕಪ್ಪ ಚಿಕ್ಕಮ್ಮ ಎರೆದ್ರೆ ಚೆನ್ನಾಗಿರುತ್ತೆ ಅಲ್ವಾ? ಅವ್ರು ಎಲ್ಡರ್ಸು. ನೀನೂ ಭಾವನೂ ಫ್ರೀಯಾಗಿ ಓಡಾಡ್ಕೊಂಡು ಎಲ್ಲಾ ನೋಡ್ಕೋಬೋದು."

ಅಮ್ಮ ಹೋದಾಗ ಈ ಕೂಸಿಗೆ ಹಾಲಿದೆಯೇ ಎಂದು ಕೇಳಲೂ ಬರದಿದ್ದ ಚಿಕ್ಕಪ್ಪ. ಈಗ ಬೆಂಗಳೂರಿನಲ್ಲಿ ದೊಡ್ಡ ಅಧಿಕಾರಿಯಾಗಿ ನಿವೃತ್ತರು, ಇಂಗ್ಲಿಷ್ ಚೆನ್ನಾಗಿ ಆಡುತ್ತಾರೆ. ನನ್ನ ಗಂಡ ಕಾರ್ಖಾನೆಯ ಯಂತ್ರಗಳಿಗೆ ಎಣ್ಣೆ ಬಿಟ್ಟುಕೊಂಡು ಮೇಲೆ ಬಂದವರು.

"ಆಯ್ತು ಬಿಡು" ಅಂದೆ. ಕೈ ಉಜ್ಜುತ್ತಲೇ ಇತ್ತು. ತರಿಸಿಟ್ಟ ರೇಷ್ಮೆ ಪಂಚೆಯ ಮಾತು ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಹೊಳೆಯುವ ಚೊಂಬೊಂದನ್ನು ಎತ್ತಿ ಹಿಡಿದು, "ಇದ್ರ ಮೇಲೆ ಮಾವಿನೆಲೆ, ತೆಂಗಿನಕಾಯಿ ಇಟ್ರೆ? ಕಳಶದ ಥರ. ಸುತ್ತ ರೋಸ್. ಒಂದೊಂದು ಟೇಬಲ್‌ಗೂ ಒಂದೊಂದು" ಎಂದಳು. ಮತ್ತೆ ನನ್ನ ಮುಖ ನೋಡಿದಳು. "ತಪ್ಪಿಲ್ಲ ತಾನೆ? ನಂಗೆ ಇದೆಲ್ಲ ಗೊತ್ತಾಗಲ್ಲ, ನೀನೇ ಹೇಳ್ಬೇಕು."

ಕಳಶವೆಂದರೆ ದೇವರನ್ನು ಕರೆದು ಕೂರಿಸುವ ಜಾಗ. ಅದನ್ನು ಎಂಜಲು ತಟ್ಟೆಗಳ ನಡುವೆ ಇಡುವಂತಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಶಾಲೆ ಕಲಿಸದೆ ಹೋದದ್ದನ್ನೆಲ್ಲ ಅಡುಗೆಮನೆ, ದೇವರಮನೆ ಕಲಿಸಿದ್ದವು.

"ಚೆನ್ನಾಗಿರುತ್ತೆ" ಅಂದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಇಲ್ಲಿ ಮಾರುಕಟ್ಟೆಯಲ್ಲಿ ತೆಂಗಿನಕಾಯಿಯನ್ನು ನುಣ್ಣಗೆ ಬೋಳಿಸಿ ಮಾರುತ್ತಾರೆ. ಜುಟ್ಟಿಲ್ಲದ ಕಾಯಿ ಕಳಶಕ್ಕೆ ಬರುವುದಿಲ್ಲ, ಅದನ್ನಿಟ್ಟಿದ್ದರೆ ಬರೀ ಅಲಂಕಾರವಾಗುತ್ತಿತ್ತು. ನಾನು ಕಾಯಿ ಮಾರುವ ಹೆಂಗಸಿನ ಬಳಿ ಹೋಗಿ, ಮೇಲಿನ ಜುಟ್ಟು ಬಿಟ್ಟು ಸುಲಿದು ಕೊಡು ಎಂದು ಕೈ ಸನ್ನೆಯಲ್ಲಿ ತೋರಿಸಿದೆ. ಕಾಯಿಗೂ ಕೂದಲು ಬೇಕಾ ಎಂದು ಅವಳು ನನ್ನ ತಲೆ ಮುಟ್ಟಿ ನಕ್ಕಳು. "ಅಸಾಂಟೆ ಮಾಮಾ" ಎಂದು ಅವಳ ಸ್ವಾಹಿಲಿಯಲ್ಲೇ ಉಪಕಾರ ಹೇಳಿ ಹೊರಿಸಿಕೊಂಡು ಬಂದೆ. ಕಾಯಿಗಳಿಗೆ ಅರಿಶಿನ ಬಳಿದೆ, ಕುಂಕುಮ ಇಟ್ಟೆ, ಕಾಂಪೌಂಡಿನ ಮರದಿಂದ ಎಳೆಯ ಮಾವಿನೆಲೆ ಆರಿಸಿ ಐದೈದರಂತೆ ಜೋಡಿಸಿದೆ. ಶಾಸ್ತ್ರದಲ್ಲಿ ಒಂದೂ ಬಿಡಲಿಲ್ಲ.

ತಂಗಿ ಖುಷಿಯಲ್ಲಿದ್ದಳು. "ಅಕ್ಕಾ, ಈ ಕಾಯಿ ನೋಡು, ಸೇಮ್ ನಮ್ಮ ಮ್ಯಾನೇಜರ್. ನಾಲ್ಕೇ ಕೂದಲು, ಅದೂ ಮೇಲ್ಗಡೆ!" ನಾನೂ ನಕ್ಕೆ. ನಗುತ್ತಲೇ ಇನ್ನೊಂದು ಕಾಯಿಗೆ ಕುಂಕುಮ ಇಟ್ಟೆ.

ಮದುವೆಯ ಬೆಳಿಗ್ಗೆ ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದರು. ನನ್ನ ಗಂಡ ಆ ಪಂಚೆ ಉಡಲಿಲ್ಲ. ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಬಂದವರಿಗೆ ಪಾನಕ ಕೊಡುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ.

ಊಟದ ಹೊತ್ತಿಗೆ ಹುಡುಗನ ತಾಯಿ ಊಟದ ಹಾಲ್‌ಗೆ ಬಂದರು. ಮೈಸೂರಿನವರು, ಮಡಿವಂತಿಕೆಯ ಮನೆ. ಬಿಳಿ ಬಟ್ಟೆಯ ಮೇಜುಗಳು, ಕೆಂಪು ಗುಲಾಬಿ, ಅರಿಶಿನದ ಕಾಯಿ, ನೋಡಿದವರು ಫೋಟೋ ತೆಗೆಯುತ್ತಿದ್ದರು. ಹುಡುಗನ ತಾಯಿ ಮಾತ್ರ ಬಾಗಿಲಲ್ಲೇ ನಿಂತುಬಿಟ್ಟರು.

"ಶಿವಶಿವಾ, ಏನಿದು? ಕಳಶ ಇಟ್ಕೊಂಡು ಅದ್ರ ಮುಂದೆ ಎಂಜಲು ಮಾಡೋದಾ? ಯಾರು ಹೇಳಿದ್ದು ಇದನ್ನ? ಮನೇಲಿ ದೊಡ್ಡೋರು ಅನ್ನೋರು ಇರ್ಲಿಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಅಂದು ಮೊದಲ ಬಾರಿಗೆ ಮನೆಯ ದೊಡ್ಡವರು ಎಂದರೆ ನಾನಾಗಿದ್ದೆ.

"ನಾನು ಬೇಡ ಅಂತ ಹೇಳ್ದೆ ಅಮ್ಮಾ" ಅಂದೆ. "ಎಷ್ಟು ಹೇಳಿದ್ರೂ ಕೇಳ್ಬೇಕಲ್ಲ, ಈಗಿನ ಮಕ್ಕಳು."

ತಂಗಿ ಬಾಸಿಂಗ ಕಟ್ಟಿಕೊಂಡು ಗಂಡನ ಜೊತೆ ನನ್ನ ಹಿಂದೆಯೇ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಸಾರಿ ಅತ್ತೆ, ತಪ್ಪಾಯ್ತು" ಎಂದಳು. ನನ್ನನ್ನು ಬಿಟ್ಟುಕೊಡಲಿಲ್ಲ. ಬಡಿಸುವವರು ಚೊಂಬುಗಳನ್ನೆಲ್ಲ ಎತ್ತಿ ಹಿಂದಿನ ಕೋಣೆಗೆ ಸಾಗಿಸಿದರು. ಬಟ್ಟೆಯ ಮೇಲೆ ನೀರಿನ ಉಂಗುರಗಳು ಉಳಿದವು. ಅದರ ಮೇಲೆಯೇ ಊಟವಾಯಿತು.

ತಿಂಗಳಾಗುವ ಮುಂಚೆ ಹರ್ಲಿಂಗ್‌ಹ್ಯಾಮಿನ ಅವಳ ಹೊಸ ಮನೆಗೆ ಹೋದೆ. ಅವಳೊಬ್ಬಳೇ ಇದ್ದಳು.

"ನಾನು ನಿನ್ನ ಕೇಳಿದ್ದೆ ಅಲ್ವಾ?"

"ಕೇಳಿದ್ದೆ."

"ನಿಂಗೂ ಗೊತ್ತಿರ್ಲಿಲ್ಲ ಅಂದ್ಬಿಡು ಅಕ್ಕಾ. ಗಾಬರೀಲಿ ಏನೋ ಅಂದ್ಬಿಟ್ಟೆ ಅನ್ನು. ಸಾಕು ನಂಗೆ."

ಹಾಗಂದಿದ್ದರೆ ಅವಳು ನಂಬುತ್ತಿದ್ದಳು. ಆದರೆ ಮತ್ತೊಂದು ಸುಳ್ಳಿಗೆ ನಾಲಗೆ ಹೊರಳಲಿಲ್ಲ. "ಗೊತ್ತಿತ್ತು" ಅಂದೆ.

"ಧಾರೆಗಾ?"

ಹೌದೆಂದು ತಲೆಯಾಡಿಸಿದೆ.

"ಬಾಯಿಬಿಟ್ಟು ಕೇಳಿದ್ರೆ ಭಾವನ್ನೇ ಕೂರಿಸ್ತಿದ್ದೆ. ನೀನು ಆಯ್ತು ಅಂದೆ."

ಇದು ನಿಜವೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಧಾರೆಯ ನೋವು ಇನ್ನೂ ಹೋಗಿಲ್ಲ. ಅವಳು ಕೇಳದೆ ಕಸಿದುಕೊಂಡಳು ಎಂದೇ ಅನ್ನಿಸುತ್ತದೆ. ಆದರೆ ಅವಳು ಮಾಡಿದ್ದು ನನ್ನ ಮುಖದ ಎದುರಿಗೆ. ನಾನು ಮಾಡಿದ್ದು ಅವಳ ನಂಬಿಕೆಯ ಬೆನ್ನಿಗೆ, ಅರಿಶಿನ ಕುಂಕುಮ ಹಚ್ಚಿ.

"ನಂಗೆ ಹೇಳಿದ್ದನ್ನ ನಮ್ಮತ್ತೆಗೂ ಹೇಳು" ಎಂದಳು. "ದಿನಾ ಫೋನಲ್ಲಿ ನಿಮ್ಮಕ್ಕನ ಮಾತು ಕೇಳು, ನಿಮ್ಮಕ್ಕನ ಮಾತು ಕೇಳು ಅಂತಾರೆ."

ಗೌರಿ ಹಬ್ಬಕ್ಕೆ ತಂಗಿ ನಮ್ಮ ಮನೆಗೆ ಬಂದಾಗ ಅವಳ ಅತ್ತೆಯ ಫೋನ್ ಬಂತು. ತಂಗಿ ಸ್ಪೀಕರ್ ಹಾಕಿ ಮೇಜಿನ ಮೇಲೆ ನನ್ನ ಮುಂದಿಟ್ಟಳು. ನಾನು ಒಂದೇ ಉಸಿರಿಗೆ ಹೇಳಿದೆ. ಅವಳು ನನ್ನನ್ನು ಕೇಳಿದ್ದಳು, ನನಗೆ ಗೊತ್ತಿದ್ದೂ ಹೇಳಲಿಲ್ಲ, ನಿಮ್ಮ ಮುಂದೆ ಸುಳ್ಳಾಡಿದೆ, ತಪ್ಪು ನನ್ನದು.

ಆ ಕಡೆಯಿಂದ ಅವರು ನಕ್ಕರು.

"ಸುಮ್ನಿರಿ ನೀವು. ತಂಗಿ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದ್ರಾ? ನಂಗೆ ಗೊತ್ತಾಗಲ್ವಾ? ಎಂಥಾ ದೊಡ್ಡ ಮನಸ್ಸು ನಿಮ್ದು! ಕೇಳಿಸ್ಕೊಂಡ್ಯೇನೇ, ನಿಮ್ಮಕ್ಕನ ನೋಡಿ ಕಲ್ತ್ಕೋ."

"ಇಲ್ಲಮ್ಮಾ, ನಿಜವಾಗ್ಲೂ..." ಎಂದು ನಾನು ಮತ್ತೆ ಶುರುಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ತಂಗಿ ಫೋನನ್ನು ಕೈಗೆತ್ತಿಕೊಂಡಳು. "ಹೂಂ ಅತ್ತೆ, ಕಲ್ತ್ಕೋತೀನಿ" ಎಂದು ಹೇಳಿ, ನನ್ನ ಕಡೆ ನೋಡದೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು.