ಇಪ್ಪತ್ತು ಮೀನುಗಳ ಉಸಿರು ನೋಡುವ ಮಲ್ಲಿಕಮ್ಮ

ಇನ್ನೂ ಸೂರ್ಯ ಹುಟ್ಟಿಲ್ಲ. ವಡಗೇರಾ ರಸ್ತೆಯಿಂದ ಒಳಗೆ, ಜಾಲಿ ಗಿಡಗಳ ನಡುವಿನ ಸಣ್ಣ ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಮಲ್ಲಿಕಮ್ಮ ಬೀಸುಬಲೆ ಎಸೆಯುತ್ತಾರೆ. ಸಿಕ್ಕ ಕಾಟ್ಲಾ ಮೀನನ್ನು ಒದ್ದೆ ಅರಿವೆಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತುತ್ತಾರೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿದಷ್ಟು ಮೆತ್ತಗೆ. ಒಳಗಿನ ಬಾಚಣಿಕೆ ಹಲ್ಲಿನಂಥ ಎಳೆಗಳು ಕೆಂಪಗಿದ್ದರೆ ಮೀನು ವಾಪಸ್ ನೀರಿಗೆ. ಬೆಳ್ಳಗಾಗಿ ಲೋಳೆ ಕಟ್ಟಿದ್ದರೆ ಬಕೆಟಿಗೆ, ಲೆಕ್ಕಕ್ಕೆ ಏರಿಯ ಮೇಲೊಂದು ಹರಳುಕಲ್ಲು. ಮೂಲೆಗೆ ಐದರಂತೆ ನಾಲ್ಕು ಮೂಲೆಗೆ ಇಪ್ಪತ್ತು ಮೀನು. ಎರಡು ಹರಳಿಗಿಂತ ಹೆಚ್ಚಾದರೆ ಅಂದು ಮಾರಾಟಕ್ಕೆ ಮೀನು ಹಿಡಿಯುವ ದೊಡ್ಡ ಬಲೆ ಇಲ್ಲ. ಇದು ಅವರೇ ಹಾಕಿಕೊಂಡ ನೇಮ.

ಇವತ್ತು ಮೂರು ಹರಳು.

ಏರಿಯ ಮೇಲೆ ಬೈಕು ನಿಲ್ಲುತ್ತದೆ. ಬಂದವರು ಶಹಾಪುರದ ಮೀನಿನ ವ್ಯಾಪಾರಿ ದಸ್ತಗೀರಸಾಬ.

"ಏನ್ರಿ ಡಾಕ್ಟರಬಾಯಿ, ಪೇಶಂಟ್ ಎಲ್ಲಾ ಆರಾಮ ಅದಾವಿಲ್ಲೊ?"

"ಮೂರು ಮಂದಿಗಿ ಆರಾಮಿಲ್ಲಣ್ಣ. ಇವತ್ತ ಬಲಿ ಬಿಡಂಗಿಲ್ಲ."

"ಹೋದ ವಾರನೂ ಇದ ಮಾತ. ಶಾದಿ ಮನಿ ಆರ್ಡರ್ ಅದವ್ವ. ಉಳದ ಹದಿನೇಳು ಚಲೋ ಅದಾವಲ್ಲ!"

"ಬಲಿ ಎಳದ್ರ ತಳದ ರಾಡಿ ಏಳ್ತದ. ಆ ಹದಿನೇಳೂ ಹೋಗ್ತಾವ. ಒಮ್ಮಿ ನೋಡೀನಿ, ಸಾಕು."

ಕೆರೆಯ ಮೀನೆಲ್ಲ ಸಾಯುವುದನ್ನು ನೋಡಿದ್ದು ನಾಲ್ಕು ವರ್ಷದ ಹಿಂದೆ. ಆಗ ಆರು ಮನೆಯವರು ಸೇರಿ ಇಲ್ಲಿ ಮೀನುಮರಿ ಬಿಟ್ಟಿದ್ದರು. ಸಗಣಿ ಹಾಕಿದರೆ ನೀರು ಹಸಿರಾಗುತ್ತದೆ, ಹಸಿರಾದಷ್ಟೂ ಮೀನಿಗೆ ಮೇವು ಎಂದೇ ಎಲ್ಲರೂ ತಿಳಿದಿದ್ದರು. ಬೇಸಿಗೆಯಲ್ಲಿ ನೀರು ಇಳಿದ ಮೇಲೂ ಕೆರೆ ಕಾಯುತ್ತಿದ್ದ ಮಲ್ಲಿಕಮ್ಮ ದಿನಕ್ಕೆ ಹನ್ನೊಂದು ಬುಟ್ಟಿ ಸಗಣಿ ಸುರಿದರು. ಒಂದು ಬೆಳಿಗ್ಗೆ ಬಣ್ಣ ಚೆಲ್ಲಿದಂತೆ ಹಸಿರು ಕೆನೆ ತೇಲಿತು. "ಎಲ್ಲಾರ್ನೂ ಒದರಿ ಕರದು ತೋರ್ಸೀನ್ರಿ, ಎಷ್ಟ್ ಚಂದ ಹಸರಾಗ್ಯಾದ ನೋಡ್ರಿ ಅಂತ," ಎನ್ನುತ್ತಾರೆ ಮಲ್ಲಿಕಮ್ಮ.

ಆ ಕೆನೆ ಕಣ್ಣಿಗೆ ಕಾಣದ ಜೀವಿಗಳ ರಾಶಿ. ಅವುಗಳ ವಿಷಕ್ಕೆ ಕಿವಿರು ಊದಿಕೊಂಡು ಲೋಳೆ ಕಟ್ಟಿತು. ಹುಣ್ಣಾದ ಜಾಗಕ್ಕೆ ರೋಗಾಣು ಸೇರಿ ಎಳೆಗಳನ್ನೇ ಕೊಳೆಸಿತು. ನೀರಲ್ಲಿದ್ದೂ ಉಸಿರುಗಟ್ಟಿ, ಬಾಯಿ ಮೇಲೆತ್ತಿ ಮೀನುಗಳು ಸತ್ತವು. ಹೊತ್ತು ಹೂಳಲು ಮೂರು ದಿನ ಹಿಡಿಯಿತು. ಯಾದಗಿರಿಯಿಂದ ಬಂದ ಮೀನುಗಾರಿಕೆ ಅಧಿಕಾರಿ ಕಿವಿರು ನೋಡುವುದನ್ನು ಹೇಳಿಕೊಟ್ಟರು. ಕಲಿತವರು ಮಲ್ಲಿಕಮ್ಮ ಒಬ್ಬರೇ. ಉಳಿದ ಐದು ಮನೆಯವರು ಒಬ್ಬೊಬ್ಬರಾಗಿ ಸೈದಾಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋದರು.

"ಬೈದಿದ್ರ ಚಲೋ ಇತ್ತು. ಮಾತ ಬಿಟ್ರು," ಎನ್ನುತ್ತಾರೆ ಅವರು.

ಬಲೆ ಎಳೆದ ದಿನ ಆರು ಮನೆಯ ಬುತ್ತಿ ಬಿಚ್ಚುತ್ತಿದ್ದ ಬೇವಿನ ಬುಡದಲ್ಲಿ ಈಗ ಒಂದೇ ರೊಟ್ಟಿ ಗಂಟು. ಈ ಏರಿಗೆ ಬರುವವರು ದಸ್ತಗೀರಸಾಬ ಮಾತ್ರ. ಅವರೂ ಬೈಕು ತಿರುಗಿಸುತ್ತಾರೆ.

"ನಾ ಬ್ಯಾರೆ ಕೆರಿ ಹಿಡದ್ರ ಏನ್ ಮಾಡ್ತಿ?"

"ಹಿಡೀರಣ್ಣ. ಕಿವಿರು ಎತ್ತಿ ನೋಡಿ ತಗೋರಿ, ಅಷ್ಟ."

ಬೈಕಿನ ಸದ್ದು ಅಡಗುತ್ತದೆ. ಮಲ್ಲಿಕಮ್ಮ ಇವತ್ತಿನ ಮೇವು ನಿಲ್ಲಿಸಿ, ಕಾಲುವೆ ನೀರು ಒಳಗೆ ಬಿಟ್ಟು, ಮೂಲೆಯಲ್ಲಿ ಮತ್ತೆ ಕಟ್ಟುತ್ತಿರುವ ಹಸಿರು ಕೆನೆಯನ್ನು ಹಳೇ ಸೀರೆಯಿಂದ ಎಳೆದು ತೆಗೆಯುತ್ತಾರೆ. ಸೀರೆಯ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲ. ಅದನ್ನು ಜಾಲಿ ಗೂಟಕ್ಕೆ ಕಟ್ಟಿದ್ದಾರೆ.

ಹರಳೇ ಇಲ್ಲದ ಬೆಳಗು ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ. ಆಸೆ ಏನೆಂದು ಕೇಳಿದರೆ ಸೀರೆ ಹಿಂಡುತ್ತಲೇ ಹೇಳುತ್ತಾರೆ: "ಒಂದಿನ ಇಪ್ಪತ್ತಕ್ಕ ಇಪ್ಪತ್ತೂ ಕೆಂಪ ಇರಬೇಕ್ರಿ. ಅವತ್ತ ನಾ ಒದರಿದ್ರ, ಈ ಏರಿ ಮ್ಯಾಲ ಒಬ್ಬರರ ಹೊಳ್ಳಿ ನೋಡಬೇಕು."