ದ್ವಾರಕಾದ ಮೈಸೂರುಪಾಕು

ದೆಹಲಿಯ ದ್ವಾರಕಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಕನ್ನಡದ ಹುಡುಗಿ ಮಾತಿಗೆ ಮೊದಲು ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸುತ್ತಿದ್ದಳು. ನಾನು ಯಾವ ಸಲಹೆ ಕೊಟ್ಟರೂ ‘ನೋಡೋಣ ಅಂಕಲ್’ ಎನ್ನುತ್ತಿದ್ದಳು. ಖಿನ್ನತೆಗೆಂದು ಎರಡು ತಿಂಗಳು ರಜೆಯಲ್ಲಿದ್ದವಳು, ನೋಯ್ಡಾದ ಆಫೀಸಿಗೆ ಮರಳುವ ಹಿಂದಿನ ದಿನ ನಮ್ಮ ಮನೆಗೆ ಬಂದಳು.

“ಎಲ್ಲಿಗೆ ಹೋಗಿದ್ದೆ ಅಂತ ಎಲ್ಲರೂ ಕೇಳ್ತಾರೆ. ಏನು ಹೇಳ್ಲಿ?”

ಉಪಾಯ ಹೇಳುವುದರಲ್ಲಿ ನಾನು ಎತ್ತಿದ ಕೈ. ರಜೆ ಮುಗಿಸಿ ಬಂದವರು ಊರಿನ ಸಿಹಿ ಹಂಚುವುದು ಅವಳ ಆಫೀಸಿನ ರೂಢಿ. ಇಲ್ಲೇ ಚೌಕಾಸಿ ಮಾಡಿ ಒಂದು ಕಿಲೋ ಮೈಸೂರುಪಾಕು ತಂದುಕೊಟ್ಟೆ.

“ಊರಲ್ಲಿ ಅಕ್ಕನ ಮದುವೆ ಇತ್ತು ಅಂತ ಹೇಳಮ್ಮ. ಬಾಯಿ ತುಂಬಿದ್ರೆ ಯಾರೂ ಪ್ರಶ್ನೆ ಕೇಳಲ್ಲ.”

“ನೋಡೋಣ ಅಂಕಲ್.”

ಆ ಆಫೀಸಿಗೆ ಕುರ್ಚಿ ಒದಗಿಸುವವನು ನಾನೇ. ಮರುದಿನ ಬೇಕೆಂದೇ ಹೋದೆ. “ಅರೆ, ಶಾದಿ ಥೀ ಕ್ಯಾ?” ಎಂದು ಸಹೋದ್ಯೋಗಿಯೊಬ್ಬ ಡಬ್ಬಿಗೆ ಕೈ ಹಾಕಿದ. ಅವಳು ನಿಧಾನವಾಗಿ ಕನ್ನಡಕ ಒರೆಸಿ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲೇ ಹೇಳಿದಳು: “ಮದುವೆ ಅಲ್ಲ, ಡಿಪ್ರೆಶನ್ ಇತ್ತು. ಇನ್ನೂ ಔಷಧಿ ತಗೋತಿದೀನಿ. ಮಿಠಾಯಿ ದ್ವಾರಕಾದ್ದೇ, ತಗೊಳ್ಳಿ.”

ಆತ ಡಬ್ಬಿಯಿಂದ ಒಂದು ತುಂಡು ಎತ್ತಿಕೊಂಡ. ಆಮೇಲೆ ಕುರ್ಚಿ ಎಳೆದು ಅವಳ ಪಕ್ಕದಲ್ಲೇ ಕೂತ.

ಹೊರಬರುವಾಗ ಗೇಟಿನ ಕಾವಲುಗಾರ ಭಯ್ಯಾ ಏನೂ ಕೇಳಿರಲಿಲ್ಲ. ಆದರೂ ನಿಂತು ಹೇಳಿದೆ, ಆ ಹುಡುಗಿ ನಮ್ಮ ಎದುರು ಮನೆಯವಳು ಎಂದು.